ಗುಬ್ಬಿಸೆಲೆಗೆ ಮಕ್ಕಳನ್ನು ಕರೆದೊಯ್ದವಳು

ಎರಡನೆಯ ವೈಶಾಖದ ನಲವತ್ತೊಂದನೆಯ ದಿನ,
ನಿಮ್ಮ ಎಣಿಕೆಯಲ್ಲಿ ಕ್ರಿಸ್ತಶಕ ೨೧೮೭.
ಗದಗ ಸೀಮೆ, ಹದ್ದಿನಗುಡ್ಡದ ಕೆಳಗಿನ ಚಪ್ಪರಪೇಟೆಯಿಂದ.

ಹದ್ದಿನಗುಡ್ಡದ ಸುತ್ತಲಿನ ಊರುಗಳಲ್ಲಿ ಬದುಕಿರುವ ಹಿರಿಯರಿಗೆ, ಶಾಲೆಗಳ ಗುರುಗಳಿಗೆ ದ್ಯಾಮಣ್ಣನ ಶರಣು.

ಮೇಲಿನ ತಾರೀಖು ಕಂಡು ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಮಡಚಿಡಬೇಡಿ. ವೈಶಾಖ ಎರಡಾದದ್ದು ನನ್ನ ಅಜ್ಜನ ಕಾಲದಲ್ಲಿ. ಬೇಸಿಗೆ ಪಕ್ಕದ ತಿಂಗಳುಗಳಿಗೂ ಕಾಲು ಚಾಚಿ ಮಲಗಿದಾಗ ಪಂಚಾಂಗದವರು ಕೂತು ವಿಚಾರ ಮಾಡಿ, ಜ್ಯೇಷ್ಠವನ್ನು ಬಿಟ್ಟು ವೈಶಾಖವನ್ನೇ ಇನ್ನೊಮ್ಮೆ ಬರೆದರು. ಅದಕ್ಕೆ ದಿನಗಳನ್ನೂ ಹೆಚ್ಚಿಗೆ ಕೊಟ್ಟರು. ನನ್ನ ಬರಹದಲ್ಲಿ ನಿಮಗೆ ತಿಳಿಯದ ಪದಗಳು ಇನ್ನೂ ಬಂದಾವು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಪಠ್ಯಪುಸ್ತಕಗಳಿಂದ ಕಲಿತವನು. ವೃತ್ತಿಯಲ್ಲಿ ಚಾಲಕ, ಪಂಡಿತನಲ್ಲ. ಎಡವಿದ ಕಡೆ ಮನ್ನಿಸಬೇಕು.

ಮನೆಯಲ್ಲಿ ಸಾವಾದರೆ, ಉಳಿದವರೊಬ್ಬರು ಹಿಂದಿನ ಕಾಲದವರಿಗೆ ಒಂದು ಓಲೆ ಬರೆದು, ಸತ್ತವರಿಗೆ ಪ್ರಿಯವಾಗಿದ್ದ ಜಾಗದಲ್ಲಿ ಹೂಳುವುದು ನಮ್ಮಲ್ಲಿ ರೂಢಿ. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ಮುಟ್ಟುತ್ತದೆಂದು ಯಾರೂ ನಂಬುವುದಿಲ್ಲ. ಬರೆದವರ ಎದೆ ಹಗುರಾದರೆ ಸಾಕು ಎನ್ನುತ್ತಾರೆ. ನನಗೆ ಹಗುರಾಗುವುದು ಬೇಕಿಲ್ಲ. ನೀವು ಇದನ್ನು ಓದಬೇಕು, ಅಷ್ಟೇ ಬೇಕು. ತೀರಿಕೊಂಡವಳು ನನ್ನ ಹೆಂಡತಿ ನೀಲಗಂಗಾ. ಮಕ್ಕಳಿಗೆ ಅವಳು ನೀಲಕ್ಕೋರು.

ಅವಳ ಕೆಲಸ ತಿಳಿಯಬೇಕಾದರೆ ನಾವು ಬದುಕುವ ರೀತಿಯನ್ನು ಸ್ವಲ್ಪ ಹೇಳಬೇಕು. ಚಪ್ಪರಪೇಟೆ ಎಂದರೆ ನೀವು ಮದುವೆಗೆ ಹಾಕುವ ಚಪ್ಪರ ನೆನಪಾದೀತು. ಇದು ಊರಿಗೆ ಊರನ್ನೇ ಮುಚ್ಚಿದ ಬಿಳಿಯ ಛಾವಣಿ. ಅದರ ಕೆಳಗೆ ಮನೆ, ಸಂತೆ, ಶಾಲೆ, ಆಸ್ಪತ್ರೆ ಎಲ್ಲ ಇವೆ. ಬಿಸಿಲು ಅದರೊಳಗೆ ಹಾಲಿನ ಬಣ್ಣಕ್ಕೆ ತಿರುಗಿ ಇಳಿಯುತ್ತದೆ, ನೆರಳು ಯಾವುದರದೂ ಸರಿಯಾಗಿ ಬೀಳುವುದಿಲ್ಲ. ನಾವು ಕುಡಿಯುವುದು ಹಿಂಡುನೀರು. ಗಾಳಿಯಲ್ಲಿನ ತೇವವನ್ನು ಯಂತ್ರಗಳು ಹಿಂಡಿ ಕೊಡುತ್ತವೆ. ಎಲ್ಲಕ್ಕೂ ದರವಿದೆ, ನಿಂತ ಜಾಗದ ತಂಪಿಗೂ. ಬತ್ತಿದ ಹೊಳೆಗಳ ಹೆಸರನ್ನು ಮಕ್ಕಳಿಗೆ ಇಡುತ್ತೇವೆ. ಒಂದೇ ಓಣಿಯಲ್ಲಿ ತುಂಗಾ, ಡೋಣಿ, ಮಲಪ್ರಭಾ ಕುಂಟೆಬಿಲ್ಲೆ ಆಡುತ್ತಿರುತ್ತಾರೆ. ಸಂಜೆ ತಾಯಂದಿರು ಬಾಗಿಲಲ್ಲಿ ನಿಂತು ಆ ಹೆಸರುಗಳನ್ನು ಕೂಗುವುದನ್ನು ಕೇಳಿದರೆ ನಿಮಗೆ ಏನನ್ನಿಸೀತೋ. ನಮಗೆ ಅಭ್ಯಾಸವಾಗಿದೆ.

ಇಂಥ ಊರಿನಲ್ಲಿ ಬಿಟ್ಟಿ ಇದ್ದದ್ದು ಒಂದೇ, ನೆಲಪಾಠ. ಮೇಲಿನವರು ಎಂದೋ ಮಾಡಿದ ಕಾನೂನು ಅದು: ನಾಲ್ಕನೆಯ ಇಯತ್ತೆಯ ಪ್ರತಿ ಮಗುವನ್ನೂ ಒಂದು ದಿನ ಛಾವಣಿಯ ಆಚೆ ಕರೆದೊಯ್ಯಬೇಕು, ತನ್ನ ಸೀಮೆಯ ಮಣ್ಣು, ಕಲ್ಲು, ಗಿಡ, ನೀರನ್ನು ಕಣ್ಣಾರೆ ತೋರಿಸಬೇಕು, ಮಗುವಿನ ಮನೆಯಿಂದ ಅದಕ್ಕೆ ಏನನ್ನೂ ಪಡೆಯಬಾರದು. ನಾನು ನೆಲಬಂಡಿ ನಡೆಸುತ್ತಿದ್ದೆ. ಅವಳು ಪಾಠ ಹೇಳುತ್ತಿದ್ದಳು. ನಮ್ಮ ಮದುವೆಯಾದದ್ದೂ ಆ ಬಂಡಿಯ ದೆಸೆಯಿಂದಲೇ. ಊರಲ್ಲಿ ಅವಳನ್ನು ನೋಡಿದ್ದರೆ ನಾನು ಕೇಳುತ್ತಿರಲಿಲ್ಲವೇನೋ, ಅಲ್ಲಿ ಅವಳು ಬಿಗುಮುಖದವಳು. ಗುಡ್ಡ ಹತ್ತುವಾಗ ಅವಳ ಮುಖವೇ ಬೇರೆಯಾಗುತ್ತಿತ್ತು.

ಒಂದು ಪಯಣ ಹೇಗಿರುತ್ತಿತ್ತು ಹೇಳುತ್ತೇನೆ. ಛಾವಣಿಯ ಬಾಗಿಲು ದಾಟಿದೊಡನೆ ಮಕ್ಕಳು ಆಕಾಶಕ್ಕೆ ಹೆದರಿ ಸೀಟಿನ ಕೆಳಗೆ ಕೂತುಬಿಡುತ್ತಿದ್ದರು. ನೀಲಾ ಒಬ್ಬೊಬ್ಬರನ್ನಾಗಿ ಕೈಹಿಡಿದು ಎಬ್ಬಿಸುತ್ತಿದ್ದಳು. ಎರೆಭೂಮಿ ಮುಗಿದು ಮಸಾರಿ ಶುರುವಾಗುವ ಕಡೆ ಬಂಡಿ ನಿಲ್ಲಿಸುತ್ತಿದ್ದೆ. ಒಂದು ಕೈಯಲ್ಲಿ ಕಪ್ಪು ಮಣ್ಣು, ಇನ್ನೊಂದರಲ್ಲಿ ಕೆಂಪು ಮಣ್ಣು ಹಿಡಿಸಿ, "ಉಗುಳು ಹಚ್ಚಿ ತಿಕ್ಕರಿ. ಯಾವುದು ಅಂಟತೈತಿ, ಯಾವುದು ಜಾರತೈತಿ?" ಎಂದು ಕೇಳುತ್ತಿದ್ದಳು. ಮಕ್ಕಳಿಗೆ ಉಗುಳುವುದಕ್ಕೆ ಅಪ್ಪಣೆ ಸಿಕ್ಕಿದ್ದೇ ದೊಡ್ಡ ಹಬ್ಬ. ಆಮೇಲೆ ಏರು. ರೆಕ್ಕೆ ಕಳಚಿಬಿದ್ದ ಗಾಳಿಯಂತ್ರಗಳ ಕಂಬಗಳು ಗುಡ್ಡದ ಉದ್ದಕ್ಕೂ ನಿಂತಿವೆ, ನಿಮ್ಮ ಕಾಲದವರು ನೆಟ್ಟವೇ ಇರಬೇಕು. ಅಲ್ಲಿನ ಬಂದರಿಕೆ ಗಿಡದ ಎಲೆ ಹಿಸುಕಿ ಮಕ್ಕಳಿಗೆ ಮೂಸಿಸುತ್ತಿದ್ದಳು. ಕೊನೆಗೆ ಗುಬ್ಬಿಸೆಲೆ.

ಗುಬ್ಬಿಸೆಲೆ ದೊಡ್ಡದೇನಲ್ಲ. ಎರಡು ಬಂಡೆಗಳ ನಡುವಿನ ಸಂದಿನಿಂದ ಬೆರಳಿನ ಗಾತ್ರದ ನೀರು ಸದ್ದಿಲ್ಲದೆ ಬಂದು, ಬೋಗುಣಿಯಂಥ ಒಂದು ಕಲ್ಲಿನ ತಗ್ಗಿನಲ್ಲಿ ನಿಲ್ಲುತ್ತಿತ್ತು. ಆ ಹೆಸರು ಏಕೆ ಬಂತೋ ತಿಳಿಯದು. ನಮ್ಮ ಕಾಲದಲ್ಲಿ ಗುಬ್ಬಿಗಳಿರಲಿಲ್ಲ. ಯಂತ್ರವಿಲ್ಲದೆ, ಯಾರೂ ಗುಂಡಿ ಒತ್ತದೆ ನೀರು ತಾನಾಗಿ ಬರುವುದನ್ನು ಕಂಡು ಮಕ್ಕಳು ಬಗ್ಗಿ ಸಂದಿನೊಳಗೆ ಇಣುಕುತ್ತಿದ್ದರು. ಅಲ್ಲಿ ನೀಲಾ ಪಾಠ ಹೇಳುತ್ತಿರಲಿಲ್ಲ. "ಕುಡೀರಿ" ಎನ್ನುತ್ತಿದ್ದಳು, ಅಷ್ಟೇ. ಒಮ್ಮೆ ಒಬ್ಬ ಹುಡುಗ ಬೊಗಸೆ ತುಂಬಿಕೊಂಡು, "ಅಕ್ಕೋರ, ಇದರದು ಎಷ್ಟು ಕೊಡಬೇಕ್ರಿ?" ಎಂದು ಕೇಳಿದ. "ಇದು ಯಾರದೂ ಅಲ್ಲಪಾ, ಅದಕ್ಕ ಎಲ್ಲಾರದೂ ಐತಿ" ಎಂದವಳು ಬಂಡೆಯ ಹಿಂದೆ ಹೋಗಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ವರ್ಷ ಕಳೆದಂತೆ ಬೆರಳು ದಾರವಾಯಿತು, ದಾರ ತೊಟ್ಟಾಯಿತು. ಪಯಣಗಳ ಹಂಗಾಮಿಗೆ ಮುಂಚೆ ದಾರಿ ನೋಡಿಬರಲು ನಾವಿಬ್ಬರೇ ಹೋಗುವುದು ವಾಡಿಕೆ. ಹಾಗೆ ಹೋದ ಒಂದು ಬೆಳಗ್ಗೆ ಕಲ್ಲಿನ ತಗ್ಗು ಒಣಗಿ ಬೆಳ್ಳಗಾಗಿತ್ತು. ನೀಲಾ ಬಂಡೆಯ ಸಂದಿನಲ್ಲಿ ತೋಳು ತೂರಿಸಿದಳು. ಭುಜದವರೆಗೆ ಹೋಯಿತು. ಹೊರಗೆ ತೆಗೆದ ಕೈಗೆ ಧೂಳು ಮೆತ್ತಿತ್ತು. ಅವಳು ಅಳಲಿಲ್ಲ. ಸತ್ತವರ ಮನೆಯಲ್ಲಿ ಹೆಂಗಸರು ಕೂರುವಂತೆ ಗೋಡೆಗೆ, ಎಂದರೆ ಬಂಡೆಗೆ, ಬೆನ್ನು ಕೊಟ್ಟು ಕೂತಳು.

"ಮಕ್ಕಳಿಗೆ ಏನು ಹೇಳಲ್ರೀ?" ಎಂದಳು.

ಕಾನೂನಿನಲ್ಲಿ ಇನ್ನೊಂದು ಮಾತೂ ಇತ್ತು: ನೋಡುವುದಕ್ಕೆ ಜೀವಂತವಾದದ್ದು ಏನೂ ಉಳಿಯದ ಕಡೆಗೆ ಬಂಡಿ ಓಡಿಸಬಾರದು. ನೆಲಪಾಠ ಮಂಡಳಿಯ ಅಧಿಕಾರಿ ಹೇಮರಡ್ಡಿ ಸುದ್ದಿ ಕೇಳಿ ಮನೆಗೇ ಬಂದರು. ಕೆಟ್ಟವರಲ್ಲ. ಅವರ ಇಬ್ಬರು ಮಕ್ಕಳೂ ನೀಲಾಳ ಕೈಹಿಡಿದು ಗುಡ್ಡ ಹತ್ತಿದವರು. ಅವರು ತಲೆಯೆತ್ತದೆ ಹೇಳಿದರು.

"ಅಕ್ಕೋರ, ಮ್ಯಾಲೆ ಬಂಡೆ ಹಿಂದ ಒಂದು ಟಾಕಿ ಇಡಸ್ತೀನಿ. ಸಂದಿನ್ಯಾಗ ಪೈಪು. ಮಕ್ಕಳು ಬರೂ ದಿನಾ ಅಷ್ಟ ನೀರು ಬಿಡೂದು. ಯಾರಿಗೂ ತಿಳಿಯಂಗಿಲ್ಲ."

"ನನಗ ತಿಳೀತೈತಲ್ರಿ?"

"ನಿಮಗ ತಿಳೀಲಿ. ಇಲ್ಲಂದ್ರ ಬಂಡಿ ಬಂದ್ ಆಕ್ಕೈತಿ. ಈ ಪ್ಯಾಟಿ ಮಕ್ಕಳು ಹುಟ್ಟಿ ಸಾಯೂತನಾ ಆಕಾಶ ನೋಡೂದಿಲ್ಲ. ಮಣ್ಣು ಮುಟ್ಟೂದಿಲ್ಲ. ಒಂದು ಪೈಪಿನ ಸಲುವಾಗಿ ಅಷ್ಟನ್ನೂ ಕಳೀತೀರೇನು?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ನೀಲಾ ಆಯಿತು ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಟಾಕಿ ಬಂತು, ಪೈಪು ಬಂತು. ಕೆಲಸದವರು ಎಷ್ಟು ಚೊಕ್ಕವಾಗಿ ಕೂರಿಸಿದರೆಂದರೆ, ಹರಿಯುವ ನೀರನ್ನು ನೋಡಿ ಕ್ಷಣಕಾಲ ನನ್ನ ಎದೆಯೂ ಜಿಗಿಯಿತು.

ಆ ವರ್ಷದ ಮೊದಲ ಪಯಣಕ್ಕೆ ಬಂದ ಮಕ್ಕಳಲ್ಲಿ ವರದಾ ಎಂಬ ಹುಡುಗಿಯಿದ್ದಳು. ಸಣ್ಣಗೆ, ಕಪ್ಪಗೆ, ಮಾತಿಗೆ ಮೊದಲು ಹುಬ್ಬೆತ್ತುವವಳು. ತನ್ನ ಹೆಸರಿನ ಹೊಳೆ ಎಲ್ಲಿತ್ತು ಎಂದು ಛಾವಣಿ ದಾಟುವ ಮೊದಲೇ ಕೇಳಿದ್ದಳು. ನೀಲಾ ಪಡುವಣದ ಕಡೆ ಬೆರಳು ತೋರಿಸಿದಾಗ, ಆ ದಿಕ್ಕಿನ ಸೀಟು ಯಾರಿಗೂ ಬಿಟ್ಟುಕೊಡದೆ ಕೂತಳು. ಮಣ್ಣು ತಿಕ್ಕುವಾಗ ಅವಳೇ ಮುಂದೆ. ಗುಬ್ಬಿಸೆಲೆಗೆ ಬಂದಾಗ ಮಾತ್ರ ಎಲ್ಲರಿಗಿಂತ ಹಿಂದೆ ನಿಂತಳು. ಉಳಿದವರು ಕುಡಿದು, ಮುಖಕ್ಕೆ ಎರಚಿಕೊಂಡು, ಕಿರುಚಾಡಿ ಮುಗಿಸಿದ ಮೇಲೆ ಮೆಲ್ಲಗೆ ಬಂದು, ಒಂದು ಗುಟುಕು ಕುಡಿದು, ಬಂಡೆಗೆ ಕಿವಿ ಹಚ್ಚಿದಳು.

"ಅಕ್ಕೋರ, ಗುಡ್ಡದ ಹೊಟ್ಟ್ಯಾಗ ಇನ್ನೂ ಭಾಳ ನೀರು ಐತೇನ್ರಿ? ನಾ ದೊಡ್ಡಾಕಿ ಆಗೂತನಾ ಇರತೈತೇನ್ರಿ?"

ನೀಲಾ ನನ್ನ ಕಡೆ ನೋಡಿದಳು. ಆ ನೋಟವನ್ನು ಹೇಗೆ ಹೇಳಲಿ? ಒಪ್ಪಿಗೆ ಕೇಳುವ ನೋಟವಲ್ಲ ಅದು. ಇನ್ನು ಮುಂದೆ ನಮ್ಮ ಬದುಕು ಬೇರೆಯಾಗುತ್ತದೆ ಎಂದು ಮೊದಲೇ ತಿಳಿಸುವ ನೋಟ. ನಾನು ತಲೆಯಾಡಿಸಿದೆ. ಅವಳು ಹುಡುಗಿಯ ಮುಂದೆ ಮೊಣಕಾಲೂರಿ ಕೂತಳು.

"ಇಲ್ಲವಾ ತಂಗಿ. ಒಳಗ ನೀರಿಲ್ಲ. ಸೆಲಿ ಬತ್ತಿ ಹೋಗೇತಿ. ಬರ್ರಿ, ಎಲ್ಲಾರೂ ಬರ್ರಿ, ತೋರಸ್ತೀನಿ."

ಮಕ್ಕಳನ್ನು ಬಂಡೆಯ ಹಿಂದೆ ಕರೆದೊಯ್ದು ಟಾಕಿ ತೋರಿಸಿದಳು, ಪೈಪು ತೋರಿಸಿದಳು. ಒಬ್ಬ ಹುಡುಗ ನಕ್ಕ, ಇನ್ನೊಬ್ಬಳು ಅಳತೊಡಗಿದಳು. ಹೆಚ್ಚಿನವರಿಗೆ ಅರ್ಥವಾಗಲಿಲ್ಲ. ನೀರು ಎಂದರೆ ಟಾಕಿಯಿಂದಲೇ ಬರುವುದು ಎಂದು ತಿಳಿದ ಮಕ್ಕಳಿಗೆ ಇದರಲ್ಲಿ ಮೋಸ ಯಾವುದು ಕಾಣಬೇಕು? ವರದಾಳಿಗೆ ಕಂಡಿತು.

"ನೀವೂ ಸುಳ್ಳು ಹೇಳ್ತೀರೇನ್ರಿ?"

"ಹೇಳೂದಿತ್ತು," ಎಂದಳು ನೀಲಾ. "ನೀ ಕೇಳಿದಿ. ಹೇಳಾಕ ಆಗ್ಲಿಲ್ಲ."

"ನಾ ಕುಡದದ್ದು ಹಿಂಡುನೀರು ಹಂಗಾರ?"

"ಹೌದವಾ. ಹಿಂಡುನೀರು."

ಆಮೇಲೆ ನೀಲಾ ನನಗೆ ನಳ ಬಂದ್ ಮಾಡಲು ಹೇಳಿದಳು. ಮಾಡಿದೆ. ಸಂದಿನ ನೀರು ಸಣ್ಣಗಾಗಿ ನಿಂತಿತು. ಕಲ್ಲಿನ ತಗ್ಗಿನಲ್ಲಿ ಉಳಿದಿದ್ದ ನೀರನ್ನು ಸುತ್ತ ಕೂತು ನೋಡಿರೆಂದಳು. ಬಿಸಿಲೇರುತ್ತಿತ್ತು. ಮಕ್ಕಳು ಒಬ್ಬರಿಗೊಬ್ಬರು ಆತು ಕೂತರು. ನೀರಿನ ಅಂಚು ಹಿಂದೆ ಸರಿಯುವುದು ಮೊದಲಿಗೆ ಕಾಣಲಿಲ್ಲ. ಆಮೇಲೆ ಕಂಡಿತು. ಒದ್ದೆ ಕಲ್ಲು ಕಪ್ಪಾಗಿರುತ್ತದೆ, ಒಣಗಿದ ಕಲ್ಲು ಬೂದು. ಬೂದುಬಣ್ಣ ಎಲ್ಲ ಕಡೆಯಿಂದ ಒಳಗೆ ಬಂತು. ಕೊನೆಗೆ ಅಂಗೈಯಷ್ಟು ಕಪ್ಪು ಉಳಿದಾಗ ಒಂದು ಪುಟ್ಟ ಹುಡುಗಿ ತನ್ನ ಸೆರಗಿನಂಥ ಮೇಲ್ವಸ್ತ್ರವನ್ನು ನೆರಳಾಗಿ ಹಿಡಿದಳು, ಉಳಿದೀತೇನೋ ಎಂದು. ಯಾರೂ ಅವಳನ್ನು ತಡೆಯಲಿಲ್ಲ. ಅದೂ ಒಣಗಿತು. ನಾನು ಆ ಗುಡ್ಡಕ್ಕೆ ಎಷ್ಟೋ ಸಾರಿ ಹೋಗಿದ್ದೇನೆ, ಮಕ್ಕಳು ಅಷ್ಟು ಸರಿಯಾಗಿ ಏನನ್ನಾದರೂ ನೋಡಿದ್ದನ್ನು ಬೇರೆಂದೂ ಕಂಡಿಲ್ಲ.

ಇಳಿದು ಬರುವಾಗ ಬಂಡಿಯಲ್ಲಿ ಯಾರೂ ಹಾಡಲಿಲ್ಲ.

ಆದದ್ದು ಆಗಬೇಕಾದದ್ದೇ. ಮಕ್ಕಳು ಮನೆಯಲ್ಲಿ ಹೇಳಿದರು. ಕೆಲವರು ರಾತ್ರಿ ನಿದ್ದೆಯಲ್ಲಿ ಬೆಚ್ಚಿದರಂತೆ, ಕೊಟ್ಟ ನೀರು ಕುಡಿಯುವುದಿಲ್ಲವೆಂದು ಹಟ ಮಾಡಿದರಂತೆ. ತಾಯಿತಂದೆಗಳು ಮಂಡಳಿಯ ಬಾಗಿಲಿಗೆ ಬಂದರು. ನೋಡುವುದಕ್ಕೆ ಜೀವಂತವಾದದ್ದು ಇಲ್ಲವೆಂದು ಎಲ್ಲರಿಗೂ ತಿಳಿದ ಮೇಲೆ ದಾರಿ ಮುಚ್ಚಲೇಬೇಕಾಯಿತು. ಬಂಡಿ ಒಯ್ಯಲು ಹೇಮರಡ್ಡಿಯವರೇ ಬಂದರು, ಬೇರೆ ಯಾರನ್ನೂ ಕಳಿಸಲಿಲ್ಲ. ಹೊಸ್ತಿಲಲ್ಲೇ ನಿಂತು, "ನಾ ಹೇಳಿದ್ದಿಲ್ಲೇನ್ರಿ ಅಕ್ಕೋರ" ಎಂದರು. ಸಿಟ್ಟಿನಿಂದ ಅಲ್ಲ, ಸೋತ ದನಿಯಿಂದ. ನೀಲಾ ಅವರಿಗೆ ಕೂರಲು ಹೇಳಿದಳು. ಅವರು ಕೂರಲಿಲ್ಲ.

ಅವಳು ಮಾಡಿದ್ದು ಸರಿಯೇ ಎಂದು ಜನ ನನ್ನನ್ನು ಈಗಲೂ ಕೇಳುತ್ತಾರೆ. ಆ ವರ್ಷ ಸರದಿ ಕಾದಿದ್ದ ಉಳಿದ ಮಕ್ಕಳು ಗುಡ್ಡ ಹತ್ತಲಿಲ್ಲ. ಮುಂದೆಯೂ ಯಾರೂ ಹತ್ತಲಿಲ್ಲ. ಮಣ್ಣು, ಬಂದರಿಕೆ, ಆಕಾಶ ಎಲ್ಲವೂ ಆ ಸೆಲೆಯ ಜೊತೆಗೇ ಹೋದವು. ಇತ್ತ ಸುಳ್ಳು ಹೇಳಿದ್ದರೆ, ನೀರು ಎಂದಿಗೂ ಬತ್ತುವುದಿಲ್ಲವೆಂದು ನಂಬಿದ ಇನ್ನೊಂದು ತಲೆಮಾರನ್ನು ನಾವೇ ಬೆಳೆಸುತ್ತಿದ್ದೆವು. ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಿದ್ದೇನೆ. ಒಂದೊಂದು ದಿನ ಒಂದೊಂದು ಕಡೆ ವಾಲುತ್ತದೆ. ನೀಲಾ ಆ ಮಾತು ಎತ್ತುತ್ತಿರಲಿಲ್ಲ. ಶಾಲೆಯಲ್ಲಿ ಅವಳಿಗೆ ಗಣಿತ ಕೊಟ್ಟರು. ಚೆನ್ನಾಗಿಯೇ ಹೇಳಿಕೊಟ್ಟಳು. ಮನೆಗೆ ಬಂದು ಛಾವಣಿಯ ಅಂಚಿನ ಕಿಂಡಿಯ ಬಳಿ ನಿಲ್ಲುತ್ತಿದ್ದಳು, ಅಲ್ಲಿಂದ ಗುಡ್ಡದ ನೆತ್ತಿ ಒಂದಿಷ್ಟು ಕಾಣುತ್ತದೆ.

ಹೋದ ಬೇಸಿಗೆಯಲ್ಲಿ ಅವಳ ಪುಪ್ಪುಸಗಳು ಕೈಕೊಟ್ಟವು. ಹಾಸಿಗೆ ಹಿಡಿದು ಮಲಗಿದ್ದಾಗ ಒಂದು ಮಧ್ಯಾಹ್ನ ವರದಾ ಬಂದಳು. ಎತ್ತರದ ಹೆಣ್ಣಾಗಿದ್ದಳು. ಹಿಂಡುಯಂತ್ರಗಳ ರಿಪೇರಿ ಕಲಿಯುತ್ತಿದ್ದಾಳಂತೆ. ಕ್ಷಮೆ ಕೇಳಲಿಕ್ಕೋ ಕ್ಷಮಿಸಲಿಕ್ಕೋ ಬಂದಳೆಂದು ನಾನಂದುಕೊಂಡೆ. ಎರಡೂ ಅಲ್ಲ. ಹಾಸಿಗೆಯ ಪಕ್ಕ ಕೂತು ನೀಲಾಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಅಕ್ಕೋರ, ನಿಮ್ಮನ್ನ ಒಂದು ಕೇಳೂದೈತ್ರಿ. ನಾ ಕುಡದದ್ದು ಪೈಪಿನ ನೀರು. ನೀವು ಖರೇ ಗುಬ್ಬಿಸೆಲಿ ನೀರು ಕುಡದೀರಿ. ಅದರ ರುಚಿ ಹ್ಯಾಂಗಿತ್ತು, ಹೇಳ್ರಿ."

ನೀಲಾಳ ಕಣ್ಣು ಹೊಳೆಯಿತು. ಕಲ್ಲಿನದೊಂದು ತಂಪು, ಎಂದಳು. ಆಮೇಲೆ ಹಾಗಲ್ಲ ಎಂದಳು. ಸಿಹಿ ಎಂದಳು. ಅದೂ ಸರಿಯಲ್ಲ, ಬೆಲ್ಲದ ಹಾಗಲ್ಲ. ಬಂದರಿಕೆಯ ಬೇರಿನ ಒಂದು ವಾಸನೆ, ಬಹಳ ಹಿಂದೆ, ನಾಲಿಗೆಯ ಬುಡದಲ್ಲಿ... ಎಂದು ನಿಲ್ಲಿಸಿದಳು. ಅವಳು ಜೀವಮಾನವಿಡೀ ಮಕ್ಕಳಿಗೆ ಅರ್ಥ ಮಾಡಿಸಿದವಳು. ಮಾತಿಗಾಗಿ ಅವಳು ಹಾಗೆ ತಡಕಾಡಿದ್ದನ್ನು ನಾನು ಕಂಡಿರಲೇ ಇಲ್ಲ. ಕೆಮ್ಮು ಬಂತು. ಸುಧಾರಿಸಿಕೊಂಡ ಮೇಲೆ ಹುಡುಗಿಯ ಮುಖವನ್ನು ನೋಡಿ ಹೇಳಿದಳು:

"ಹೇಳಾಕ ಬರೂದಿಲ್ಲವಾ. ಕುಡದ್ರನ ತಿಳಿಯೂದದು. ನಿನಗ ಕುಡಸಾಕ ಆಗ್ಲಿಲ್ಲ ನನ್ನ ಕೈಲೆ."

ವರದಾ ಆಗ ಅತ್ತಳು. ಸಣ್ಣವಳಿದ್ದಾಗ ಬಂಡೆಯ ಹಿಂದೆ ಅಳದೆ ನಿಂತಿದ್ದ ಹುಡುಗಿ, ಈಗ ನನ್ನ ಹೆಂಡತಿಯ ಅಂಗೈಯಲ್ಲಿ ಮುಖವಿಟ್ಟು ಅತ್ತಳು. ನೀಲಾ ಅವಳ ತಲೆ ಸವರುತ್ತ ಹಾಗೇ ನಿದ್ದೆಹೋದಳು. ಮರುವಾರ ತೀರಿಕೊಂಡಳು. ಬೇರೆ ಬಂಡಿಯವರನ್ನು ಬೇಡಿಕೊಂಡು ಗುಡ್ಡಕ್ಕೆ ಒಯ್ದು ಮಣ್ಣು ಮಾಡಿದೆವು. ಒಂದು ಬದಿಗೆ ನಾನು ಹೆಗಲು ಕೊಟ್ಟೆ, ಇನ್ನೊಂದು ಬದಿಗೆ ವರದಾ. ಹೇಮರಡ್ಡಿಯವರೂ ಬಂದಿದ್ದರು. ಎಲ್ಲರಿಗಿಂತ ಕೊನೆಗೆ ಇಳಿದವರು ಅವರು.

ನಾಳೆ ಈ ಓಲೆಯನ್ನು ಅಲ್ಲಿಯೇ ಹೂಳುತ್ತೇನೆ. ಹೂಳುವ ಮುನ್ನ ನಿಮ್ಮಲ್ಲಿ ಒಂದು ಕೋರಿಕೆ.

ನಿಮ್ಮ ಕಾಲದಲ್ಲಿ ಹದ್ದಿನಗುಡ್ಡದ ಆ ಎರಡು ಬಂಡೆಗಳ ನಡುವೆ ನೀರು ಬರುತ್ತಿರಬೇಕು. ಬೆರಳಿಗಿಂತ ದಪ್ಪಗೆ, ಬಹುಶಃ ತೋಳಿನಷ್ಟು. ನಿಮ್ಮ ಊರಿನಲ್ಲಿಯೂ ಅಂಥದ್ದೇನಾದರೂ ಇರುತ್ತದೆ. ಒಂದು ಕೆರೆಕೋಡಿ, ಒಂದು ಹಳ್ಳ, ಒಂದು ಹಳೆಯ ಬಾವಿ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ದುಡ್ಡು ಕೊಡಲಾಗುವವರ ಮಕ್ಕಳನ್ನಷ್ಟೇ ಅಲ್ಲ, ಎಲ್ಲರನ್ನೂ, ಬಿಟ್ಟಿಯಾಗಿ. ಅದನ್ನು ಉಳಿಸಿಕೊಡಿ ಎಂದು ಬೇಡುವ ಧೈರ್ಯ ನನಗಿಲ್ಲ, ನಿಮ್ಮ ನಂತರ ಎಷ್ಟೋ ಜನ ಬರುವವರಿದ್ದಾರೆ, ಅವರೆಲ್ಲರ ಹೊಣೆ ನಿಮ್ಮ ಮೇಲೆ ಹೊರಿಸಲಾರೆ. ಆದರೆ ಅದರ ನೀರನ್ನು ಕುಡಿದು ಬೆಳೆದವರು ಅದನ್ನು ಅಷ್ಟು ಸುಲಭವಾಗಿ ಸಾಯಲು ಬಿಡಲಿಕ್ಕಿಲ್ಲ ಎಂದು ನೀಲಾ ನಂಬಿದ್ದಳು. ನಮಗೆ ಅದನ್ನು ಪರೀಕ್ಷಿಸಿ ನೋಡುವ ಅವಕಾಶ ಸಿಗಲಿಲ್ಲ. ನಿಮಗಿದೆ.

ಬಂಡಿ ನಡೆಸುವವರಿಗೆ, ಅದೇ ಕೆಲಸ ಮಾಡಿದವನಾಗಿ ಒಂದು ಮಾತು. ಬಿಸಿಲೇರುವ ಮೊದಲೇ ಹೊರಡಿ, ಬಂಡಿಯನ್ನು ಮರದ ನೆರಳಿಗೆ ನಿಲ್ಲಿಸಿ. ಎಲ್ಲ ಮಕ್ಕಳೂ ಹತ್ತಿ ಕೂತ ಮೇಲೂ ಒಂದು ಮಗು ನೀರಿನ ಬಳಿಯೇ ಕೂತಿರುತ್ತದೆ, ಎಷ್ಟು ಕರೆದರೂ ಏಳುವುದಿಲ್ಲ. ನಿಮಗೆ ಹೊತ್ತಾಗಿರುತ್ತದೆ, ಮನೆಯಲ್ಲಿ ಕಾಯುತ್ತಿರುತ್ತಾರೆ. ಆದರೂ ಹಾರ್ನ್ ಹೊಡೆಯಬೇಡಿ. ಅದು ತಾನಾಗಿ ಎದ್ದು ಬರಲಿ.

ಶರಣು.

ದ್ಯಾಮಣ್ಣ